ಬಾಗಿಲು ಮೆಲ್ಲಗೆ ಹಾಕಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಟಕ್ ಟಕ್ ಎಂಬ ಒಂದು ಸಣ್ಣ ಸದ್ದು. ಮೇಣದಬತ್ತಿ ಕಾರ್ಖಾನೆಯ ಒಡತಿ ನಿಧಾನಪ್ಪನ ವ್ಯಾನಿನ ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ ಸದ್ದು ಅದು.

ನಿಧಾನಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಸಾಮಾನು ಸಾಗಿಸುವ ತನ್ನ ವ್ಯಾನನ್ನು ಅವನು ಓಡಿಸುತ್ತಿದ್ದ ರೀತಿಯೇ ಹಾಗಿತ್ತು. ಹಿಂದಿನಿಂದ ಬಂದ ಸೈಕಲ್ಲಿನವರು ಬೆಲ್ ಬಾರಿಸಿ, ದಾರಿ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಆದರೆ ಅವನ ವ್ಯಾನಿನಲ್ಲಿ ಹೋದ ಪಿಂಗಾಣಿ ತಟ್ಟೆಯಾಗಲಿ, ಕನ್ನಡಿ ಬೀರುವಾಗಲಿ ಒಂದು ಗೀರೂ ಬೀಳದೆ ಇಳಿಯುತ್ತಿತ್ತು. ಒಡೆದದ್ದೇನಾದರೂ ಇದ್ದರೆ ವ್ಯಾನಿನ ಸ್ವಂತ ಗಾಜುಗಳು ಮಾತ್ರ. ಹಿಂಭಾಗದ ಎರಡೂ ಪಕ್ಕಗಳಲ್ಲಿ ತೆರೆಯಲು ಬಾರದಂತೆ ಅಂಟಿಸಿದ ಒಂದೊಂದು ಗಾಜಿನ ಕಿಟಕಿ ಇತ್ತು. ಒಂದನ್ನು ಯಾರದೋ ಮನೆಯ ಮಂಚದ ಕಾಲು ಒಳಗಿನಿಂದ ಒದ್ದು ಒಡೆಯಿತು. ಇನ್ನೊಂದನ್ನು ನಿಧಾನಪ್ಪನೇ ರಿವರ್ಸ್ ತೆಗೆಯುವಾಗ ಇನ್ನಾರದೋ ಮನೆಯ ಗೇಟಿಗೆ ಒಪ್ಪಿಸಿ ಬಂದಿದ್ದ. ಆಗ ಕಿಟಕಿಯ ಅಳತೆ ಹಿಡಿದು, ಪ್ಲೈವುಡ್ ಕೊಯ್ಯಿಸಿ, ವ್ಯಾನಿನ ಬಿಳಿಗೆ ಸರಿಹೊಂದುವ ಬಿಳಿ ಬಣ್ಣ ಹಚ್ಚಿ, ಎರಡು ಹಲಗೆಗಳನ್ನು ಒಂದು ಕೂದಲೆಳೆ ಸಂದು ಬಿಡದಂತೆ ಕೂರಿಸಿದವಳು ಅವನ ಹೆಂಡತಿ.

ಆ ಬೆಳಿಗ್ಗೆ ಒಡತಿ ವ್ಯಾನನ್ನು ಸುತ್ತು ಹಾಕಿ ನೋಡಿದರು. ಮೂಲೆಯಲ್ಲಿ ಬೆರಳಾಡಿಸಿ ಧೂಳಿದೆಯೇ ಎಂದು ಪರೀಕ್ಷಿಸಿದರು. ಹಲಗೆ ತಟ್ಟಿದರು. ಹಿಂದೆ ಸಾಮಾನಿಡುವ ಜಾಗಕ್ಕೆ ಹತ್ತಿ, ಸೀಟಿನ ಹಿಂದಿನ ದಪ್ಪ ಪರದೆ ಎಳೆದು, ಬಾಗಿಲು ಮುಚ್ಚಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಇಳಿದು ಬಂದವರು ಇನ್ನೊಮ್ಮೆ ಹಲಗೆಯ ಕಡೆ ನೋಡಿ, "ಇನ್ನೊಂದು ವ್ಯಾನ್ ನೋಡೋದಿದೆ. ಸಂಜೆ ಬಂದು ಹೇಳ್ತೀನಿ" ಎಂದು ಸ್ಕೂಟರ್ ಹತ್ತಿ ಹೊರಟೇ ಹೋದರು.

ನಿಧಾನಪ್ಪ ಸ್ಕೂಟರ್ ಹೋದ ದಿಕ್ಕನ್ನೇ ನೋಡುತ್ತಾ ನಿಂತ. ಈ ಕಾರ್ಖಾನೆಯ ಕೆಲಸ ಸಿಕ್ಕಿದರೆ ದಿನಾ ಬಾಡಿಗೆ, ವರ್ಷಪೂರ್ತಿ ನಿಶ್ಚಿಂತೆ. ಸಿಗದಿದ್ದರೆ ಭಾವ ಕಾದು ಕೂತಿದ್ದ. ಹೆಂಡತಿಯ ಅಣ್ಣನಾದ ಈ ಭಾವನಿಗೆ ದೊಡ್ಡ ಪಾತ್ರೆ ಅಂಗಡಿ. "ಈ ವಾರದೊಳಗೆ ಒಂದು ಖಾಯಂ ಕೆಲಸ ಹಿಡಿ. ಇಲ್ಲಾಂದ್ರೆ ವ್ಯಾನ್ ಮಾರಿ ನನ್ನ ಅಂಗಡಿಗೆ ಬಾ" ಎಂದು ಎಲ್ಲರ ಮುಂದೆ ಹೇಳಿಯಾಗಿತ್ತು. ಅಂಗಡಿಯಲ್ಲಿ ನಿಧಾನಪ್ಪನಿಗಾಗಿ ಕಾದಿರಿಸಿದ್ದ ಹುದ್ದೆ ಯಾವ ಪಾತ್ರೆಗೆ ಯಾವ ಮುಚ್ಚಳ ಎಂದು ಹೊಂದಿಸಿಡುವುದು. ಸ್ವಂತ ಸ್ಟೀರಿಂಗ್ ಹಿಡಿದ ಕೈಯಲ್ಲಿ ಇನ್ನೊಬ್ಬರ ಮುಚ್ಚಳ ಹಿಡಿಯುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ತಟ್ಟಿ ನೋಡಿದ್ರು ಅಂದ್ರೆ ಅನುಮಾನ ಬಂದಿದೆ ಅಂತಲೇ ಅರ್ಥ" ಎಂದರು ಎದುರು ಮನೆಯ ಮೇಷ್ಟ್ರು. ಕೆಲಸದಿಂದ ನಿವೃತ್ತರಾದರೂ ತಪ್ಪು ಹುಡುಕುವುದರಿಂದ ಇನ್ನೂ ನಿವೃತ್ತರಾಗಿರಲಿಲ್ಲ. "ಗಾಜು ಇರಬೇಕಾದ ಕಡೆ ಹಲಗೆ ಕಂಡರೆ ಯಾರು ತಾನೇ ನಂಬಿ ಸಾಮಾನು ಕೊಡ್ತಾರೆ?"

ಪಕ್ಕದ ಮನೆಯ ಟೈಲರಕ್ಕ ಹಲ್ಲಿನಲ್ಲಿ ದಾರ ಕತ್ತರಿಸುತ್ತಾ ಹೊರಬಂದಳು. "ನಾನು ಯಾವತ್ತೋ ಹೇಳ್ಬೇಕು ಅಂತಿದ್ದೆ ಕಣಪ್ಪಾ. ಒಳ್ಳೇ ಅಂಗಿಗೆ ಮೊಣಕೈ ಹತ್ರ ತೇಪೆ ಹಾಕಿದ ಹಾಗಿದೆ ನಿನ್ನ ವ್ಯಾನು."

"ಆಯಮ್ಮ ಹಲಗೆ ಚೆನ್ನಾಗಿಲ್ಲ ಅಂದ್ರಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

"ಏನೂ ಅನ್ಲಿಲ್ಲ. ಅದೇ ಭಯ" ಎಂದ ನಿಧಾನಪ್ಪ.

"ಏನೂ ಅನ್ನದೇ ಇರೋದಕ್ಕೂ ಭಯ ಬೀಳ್ತೀರಲ್ಲ, ಅಂದಿದ್ರೆ ಏನು ಮಾಡ್ತಿದ್ರೋ! ಸುಮ್ನೆ ಇರಿ ಸಂಜೆವರೆಗೂ."

ಸುಮ್ಮನಿರುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಲು ಅವನು ಸಿದ್ಧನಿದ್ದ. ವ್ಯಾನನ್ನು ನೇರವಾಗಿ ಗಾಜಿನ ಅಂಗಡಿಗೆ ಒಯ್ದ.

ಗಾಜಿನವನು ಮಾತಿನ ಮಲ್ಲ. ತಾನು ಕೂರಿಸಿದ ಒಂದೊಂದು ಗಾಜನ್ನೂ ಮಗಳನ್ನು ಮದುವೆ ಮಾಡಿಕೊಟ್ಟವನ ಹಾಗೆ ನೆನಪಿಟ್ಟುಕೊಂಡು, ದಾರಿಯಲ್ಲಿ ಕಂಡರೆ ಕ್ಷೇಮ ವಿಚಾರಿಸುವವನು. ನಿಧಾನಪ್ಪನದರಂಥದ್ದೇ ಒಂದು ಗುಜರಿ ವ್ಯಾನಿನಿಂದ ಬಿಚ್ಚಿಟ್ಟ ಎರಡು ಗಾಜುಗಳು ಅವನ ಬಳಿ ಇದ್ದವು. ಕೂಲಿಯ ಮಾತು ಬಂದಾಗ ಅವನು ದನಿ ತಗ್ಗಿಸಿದ. "ದುಡ್ಡು ಬೇಡ ಅಣ್ಣ. ಮುಂದಿನ ವಾರ ನಮ್ಮತ್ತೆ ಮನೆ ಬದಲಾಯಿಸ್ತಿದ್ದಾರೆ. ಸಾಮಾನು ಸಾಗಿಸೋಕೆ ಯಾವ ಗಾಡಿಯವನೂ ಎರಡನೇ ಸಲ ಒಪ್ತಿಲ್ಲ. ನೀವು ಬಂದ್ಬಿಡಿ."

ಯಾವ ಗಾಡಿಯವನೂ ಏಕೆ ಒಪ್ಪುತ್ತಿಲ್ಲ ಎಂದು ಕೇಳಬೇಕಿತ್ತು. ನಿಧಾನಪ್ಪ ಕೇಳಲಿಲ್ಲ.

ಗಾಜಿನವನು ಹಲಗೆ ಕಳಚಿ, ಕಿಟಕಿಯ ಅಂಚು ಕೆರೆದು ಒರೆಸಿ, ಸುತ್ತಲೂ ಕಪ್ಪು ಅಂಟು ಎಳೆದು, ಗಾಜನ್ನು ಹಗುರವಾಗಿ ಒತ್ತಿ ಕೂರಿಸಿದ. ಜಾರದಿರಲೆಂದು ಮೇಲೆ ನಾಲ್ಕು ಕಡೆ ಟೇಪು ಅಂಟಿಸಿದ. ಹಿಂದೆ ಸರಿದು ಕತ್ತು ವಾಲಿಸಿ ನೋಡಿ, ಕೈ ಒರೆಸಿಕೊಂಡು, ಗಂಭೀರನಾದ.

"ಈಗ ಸರಿಯಾಗಿ ಕೇಳಿಸ್ಕೊಳ್ಳಿ. ಗಾಜು ಕೂತಿದೆ, ಆದ್ರೆ ಅಂಟು ಇನ್ನೂ ಹಿಡಿದಿಲ್ಲ. ಬಾಗಿಲು ಧಡಾರಂತ ಹಾಕಿದ್ರೆ ಒಳಗಿನ ಗಾಳಿ ಎಲ್ಲಿ ಹೋಗ್ಬೇಕು ಹೇಳಿ? ಗಾಜನ್ನ ಹೊರಗೆ ತಳ್ಳುತ್ತೆ. ತಳ್ಳಿದ್ರೆ ಅಂಟು ಬಿಡುತ್ತೆ. ಅಂಟು ಬಿಟ್ರೆ ಗಾಜು ರಸ್ತೇಲಿ. ಸಂಜೆವರೆಗೂ ಮುಂದಿನ ಕಿಟಕಿ ಒಂದಿಷ್ಟು ಇಳಿಸಿಟ್ಟಿರಿ, ನೀರು ಹಾಕ್ಬೇಡಿ, ಟೇಪು ಕೀಳ್ಬೇಡಿ. ಬಾಗಿಲು ಮಾತ್ರ ಮೆಲ್ಲಗೆ ಹಾಕಿ. ಸಂಜೆ ನಾನೇ ಬಂದು ನೋಡ್ತೀನಿ."

ನಿಧಾನಪ್ಪ ತನ್ನ ಹೆಸರಿಗೆ ತಕ್ಕಂತೆ ಮನೆಗೆ ಹೊರಟ. ಬಾಗಿಲು ಪೂರ್ತಿ ಹಾಕಲು ಧೈರ್ಯ ಸಾಲದೆ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ವ್ಯಾನ್ ಓಡಿಸಿದ. ಈ ಸಲ ಅವನನ್ನು ಹಿಂದೆ ಹಾಕಿದವರಲ್ಲಿ ನಡೆದು ಹೋಗುವವರೂ ಇದ್ದರು.

ವ್ಯಾನ್ ಬಂದು ನಿಂತದ್ದು ಎಂದಿನಂತೆ ಮೇಷ್ಟ್ರ ಗೇಟಿನ ಪಕ್ಕದಲ್ಲಿ. ಬೀದಿಯಲ್ಲಿ ನೆರಳಿದ್ದದ್ದು ಅಲ್ಲಿ ಮಾತ್ರ. ಇದರ ಬಗ್ಗೆ ಮೇಷ್ಟ್ರಿಗೆ ಬಹಳ ಕಾಲದ ಅಸಮಾಧಾನವಿತ್ತು. ಆದರೆ ಇವತ್ತು ಅವರು ಗಾಜನ್ನು ನೋಡಿ ಮನಸಾರೆ ಹೊಗಳಿದರು. ಹೊಗಳಿಕೆಗೆ ನಿಧಾನಪ್ಪ ಬೆಣ್ಣೆಯಂತೆ ಕರಗಿದ.

"ಆ ಹಳೇ ಹಲಗೆ ಏನು ಮಾಡ್ತೀಯಪ್ಪಾ?" ಎಂದರು ಮೇಷ್ಟ್ರು.

"ಇನ್ಯಾಕೆ ಮೇಷ್ಟ್ರೇ ಅದು? ಬೇಕಾದ್ರೆ ತಗೊಳ್ಳಿ."

"ಒಂದು ಸಣ್ಣ ಕೆಲಸಕ್ಕೆ ಬೇಕಿತ್ತು. ಉಳಿದ ಬಣ್ಣ ಇದ್ರೆ ಅದನ್ನೂ ಕೊಡು."

ಇನ್ನೊಂದು ಹಲಗೆ ಬಟ್ಟೆ ಕತ್ತರಿಸಲು ಬೇಕೆಂದು ಟೈಲರಕ್ಕ ಎತ್ತಿಕೊಂಡಳು. ಬಣ್ಣದ ಡಬ್ಬಿಯೂ ಮೇಷ್ಟ್ರ ಮನೆ ಸೇರಿತು. ತಾನು ಬೆನ್ನು ನೋಯಿಸಿಕೊಂಡು ಉಜ್ಜಿ ಬಣ್ಣ ಹಚ್ಚಿದ ಹಲಗೆಗಳು ಬೀದಿ ದಾಟುವುದನ್ನು ನೋಡಿ ಹೆಂಡತಿಗೆ ಬೇಸರವಾಗಿತ್ತು. ಅದು ಗಂಡನಿಗೂ ಗೊತ್ತಾಯಿತು. ಸಂಜೆ ಕೆಲಸ ಸಿಕ್ಕಿದ ಮೇಲೆ ಸಮಾಧಾನ ಮಾಡಿದರಾಯಿತು ಎಂದುಕೊಂಡ.

ಊಟಕ್ಕೆ ಕೂತವನು ತುತ್ತು ಎತ್ತುವಷ್ಟರಲ್ಲಿ ಹೊರಗೆ ಸೊಂಯ್ ಎಂಬ ಸದ್ದು. ಓಡಿ ಬಂದು ನೋಡಿದರೆ ಹಲಗೆಯ ಋಣ ತೀರಿಸಲು ಮೇಷ್ಟ್ರು ಪೈಪು ಹಿಡಿದು ವ್ಯಾನ್ ತೊಳೆಯಲು ನಿಂತಿದ್ದರು. ನೀರಿನ ಧಾರೆ ಗಾಜಿನ ಕಡೆ ತಿರುಗುತ್ತಿತ್ತು. ನಿಧಾನಪ್ಪ ಬೇರೆ ದಾರಿ ಕಾಣದೆ ಗಾಜಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತ. ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾದ.

"ಅರೆ, ಮಧ್ಯಕ್ಕೆ ಯಾಕಯ್ಯಾ ಬಂದೆ? ಸ್ನಾನ ಬೇಕಿದ್ರೆ ಕೇಳಬಾರದಿತ್ತೇ!" ಎಂದರು ಮೇಷ್ಟ್ರು.

ಬಟ್ಟೆ ಬದಲಿಸಿ ಬರುವ ಹೊತ್ತಿಗೆ ಟೈಲರಕ್ಕ ವ್ಯಾನಿನ ಮುಂದಿನ ಕಿಟಕಿಯನ್ನು ಪೂರ್ತಿ ಏರಿಸಿ, ಗಾಜಿನ ಒಂದು ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. "ಒಳಗೆ ಧೂಳು ಹೋಗುತ್ತೆ ಅಂತ ಕಿಟಕಿ ಹಾಕ್ದೆ ಕಣಪ್ಪಾ. ಈ ಟೇಪೂ ಅಸಹ್ಯವಾಗಿದೆ. ಹೊಸ ಅಂಗೀಲಿ ಕಚ್ಚಾ ಟಾಕಾದ ದಾರ ಕೀಳದೆ ಬಿಟ್ಟ ಹಾಗೆ."

"ಅಕ್ಕಾ, ಕೈ ತೆಗೀರಿ! ಕಿಟಕಿ ಇಳಿಸಿ! ಏನನ್ನೂ ಮುಟ್ಟಬೇಡಿ!"

"ಒಳ್ಳೇದಕ್ಕೆ ಕಾಲ ಇಲ್ಲ" ಎಂದು ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು.

ಇನ್ನು ಊಟದ ಆಸೆ ಬಿಟ್ಟು ಅವನು ವ್ಯಾನಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕಾವಲು ಕೂತ. ಹಾದು ಹೋದವರೆಲ್ಲ ಏನು ಎತ್ತ ಎಂದು ವಿಚಾರಿಸಿದರು. ಒಬ್ಬೊಬ್ಬರಿಗೂ ಗಾಳಿ, ಅಂಟು, ಗಾಜು ಎಂದು ಹೇಳಿ ಹೇಳಿ ಅವನ ಗಂಟಲು ಒಣಗಿತು. ಬಾಗಿಲು ಬಡಿಯಬಾರದು ಎಂದು ತಿಳಿದ ಮೇಲೆ ಬೀದಿಯವರಿಗೆಲ್ಲ ಅದರ ಮೇಲೇ ಕಣ್ಣು. ಎಂದೂ ವ್ಯಾನ್ ಹತ್ತದವರಿಗೂ ಅದರ ಬಾಗಿಲನ್ನು ಒಂದು ಸಲ ಹಾಕಿ ನೋಡುವ ಚಪಲ ಹುಟ್ಟಿತು.

ಆಗ ಬಂದ ಭಾವ.

ಭಾವ ಪಾತ್ರೆ ಅಂಗಡಿಯವನು. ಸದ್ದಿನ ನಡುವೆಯೇ ಬೆಳೆದವನು. ಯಾವ ಬಾಗಿಲನ್ನೂ ಅವನು ಹಾಕಿದವನಲ್ಲ, ಹೊಡೆದವನು. ಅವನು ಬಂದು ಹೋದನೆಂದರೆ ಗೋಡೆಯ ಕ್ಯಾಲೆಂಡರ್ ಇನ್ನೂ ಅಲುಗಾಡುತ್ತಿರುತ್ತಿತ್ತು.

"ವ್ಯಾನ್ ಕೊಳ್ಳೋಕೆ ಒಬ್ಬ ಸಿಕ್ಕಿದ್ದಾನಪ್ಪ" ಎನ್ನುತ್ತಾ ಭಾವ ಸೀದಾ ಚಾಲಕನ ಸೀಟಿಗೆ ಹತ್ತಿ ಕೂತ. "ಸೀಟು ಗೀಟು ಹೇಗಿದೆ ನೋಡಿ ಹೇಳ್ತೀನಿ ಅಂದಿದ್ದೀನಿ."

"ಭಾವ, ಮೆಲ್ಲಗೆ..."

ಅಷ್ಟರಲ್ಲಿ ಭಾವನ ಕೈ ಬಾಗಿಲನ್ನು ಪೂರ್ತಿ ಹೊರಗೆ ಬೀಸಿ, ಮೈಯೆಲ್ಲ ಬಲ ಸೇರಿಸಿ ಒಳಗೆ ಎಳೆಯಿತು. ಯೋಚಿಸಲು ಸಮಯವಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಿಧಾನಪ್ಪ ಅವಸರ ಮಾಡಿದ. ತನ್ನ ಕಾಲನ್ನು ಬಾಗಿಲ ಸಂದಿಗೆ ತೂರಿಸಿದ.

ಬಾಗಿಲು ಸದ್ದು ಮಾಡಲಿಲ್ಲ. ನಿಧಾನಪ್ಪ ಮಾಡಿದ. ಆ ಕೂಗಿಗೆ ಟೈಲರಕ್ಕ ಸೂಜಿ ಚುಚ್ಚಿಕೊಂಡಳು, ಮೇಷ್ಟ್ರು ಮನೆಯೊಳಗಿನಿಂದ ಕುಂಚ ಹಿಡಿದುಕೊಂಡೇ ಓಡಿ ಬಂದರು. ನಿಧಾನಪ್ಪ ಮಾತ್ರ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ ವ್ಯಾನಿನ ಎರಡೂ ಪಕ್ಕ ಸುತ್ತಿ ನೋಡಿ, "ಗಾಜು ಇದೆ! ಎರಡೂ ಇವೆ!" ಎಂದು ನಕ್ಕ.

"ನಿನ್ನ ಗಂಡನಿಗೆ ಏನಾದ್ರೂ ಆಗಿದೆಯೇನೇ?" ಎಂದು ಭಾವ ತಂಗಿಯನ್ನು ಪಿಸುದನಿಯಲ್ಲಿ ಕೇಳಿದ. ಭಾವ ಪಿಸುದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಹೆಂಡತಿ ಒಳಗಿನಿಂದ ತಣ್ಣೀರು ಬಟ್ಟೆ ತಂದು ಗಂಡನ ಕಾಲಿಗೆ ಸುತ್ತಿದಳು. "ಇಷ್ಟು ಆಸೆ ಇದೆಯಾ ಈ ವ್ಯಾನಿನ ಮೇಲೆ?" ಎಂದು ಮೆತ್ತಗೆ ಕೇಳಿದಳು.

"ನಂದು ಅಂತ ಇರೋದು ಇದೊಂದೇ ಅಲ್ವಾ" ಎಂದ ಅವನು. ನಂತರ ಅವಳ ಮುಖ ನೋಡಿ, "ನಿನ್ನ ಬಿಟ್ರೆ" ಎಂದು ಸೇರಿಸಿದ. ಅವಳು ಬಟ್ಟೆಯನ್ನು ಸ್ವಲ್ಪ ಬಿಗಿಯಾಗಿಯೇ ಕಟ್ಟಿದಳು.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಗಾಜಿನವನು ಬಂದ. ಟೇಪು ಕಿತ್ತು, ಗಾಜಿನ ಸುತ್ತ ಹೆಬ್ಬೆರಳು ಒತ್ತಿ, ಹೆಮ್ಮೆಯಿಂದ ತಲೆಯಾಡಿಸಿದ. "ಗಟ್ಟಿಯಾಯ್ತು. ಇನ್ನು ವ್ಯಾನ್ ಗುಜರಿಗೆ ಹೋದ್ರೂ ಗಾಜು ಜಾಗ ಬಿಡಲ್ಲ." ನಿಧಾನಪ್ಪನ ಕಣ್ಣಲ್ಲಿ ನೀರೇ ಬಂತು. ಕಾಲಿನ ನೋವಿಗೋ ಸಂತೋಷಕ್ಕೋ ಅವನಿಗೇ ತಿಳಿಯಲಿಲ್ಲ.

ಅದೇ ಹೊತ್ತಿಗೆ ಸ್ಕೂಟರ್ ಬಂದು ನಿಂತಿತು. ಬೀದಿಯವರೆಲ್ಲ ತಮತಮಗೆ ಬೇರೆ ಕೆಲಸವಿದ್ದಂತೆ ನಟಿಸುತ್ತಾ ಹತ್ತಿರ ಬಂದರು. ಒಡತಿ ಬ್ಯಾಗಿನಿಂದ ಕಾಗದವೊಂದನ್ನು ತೆಗೆಯುತ್ತಾ, "ಬೆಳಿಗ್ಗೇನೇ ಒಪ್ಪಿಗೆ ಆಗಿತ್ತು. ಆ ಇನ್ನೊಂದು ವ್ಯಾನಿನವರಿಗೆ ಮಾತು ಕೊಟ್ಟಿದ್ದೆ ಅಂತ ನೋಡಿ ಬಂದೆ. ಅದು ಆಗಲ್ಲ. ನಿಮ್ಮದೇ..." ಎಂದವರು ತಲೆಯೆತ್ತಿ ವ್ಯಾನ್ ನೋಡಿ, ಅಲ್ಲೇ ನಿಂತುಬಿಟ್ಟರು.

ಇಳಿಬಿಸಿಲು ಒಂದು ಗಾಜಿನಿಂದ ನುಗ್ಗಿ, ಒಳಗೆಲ್ಲ ಹರಡಿ, ಇನ್ನೊಂದು ಗಾಜಿನಿಂದ ಹೊರಬಂದು ಅವರ ಮುಖಕ್ಕೇ ಹೊಡೆಯುತ್ತಿತ್ತು.

"ಇದೇನಿದು? ಹಲಗೆಗಳೆಲ್ಲಿ?"

"ತೆಗೆಸ್ಬಿಟ್ಟೆ ಮೇಡಂ! ನಿಮಗೋಸ್ಕರ ಹೊಸ ಗಾಜು!" ಎಂದ ನಿಧಾನಪ್ಪ, ಒಂಟಿ ಕಾಲಲ್ಲಿ ನಿಂತು.

"ಅಯ್ಯೋ ದೇವರೇ!" ಒಡತಿ ಹಣೆ ಒತ್ತಿಕೊಂಡರು. "ನಾನು ಸಾಗಿಸೋದು ಮೇಣದಬತ್ತಿ ಕಣ್ರೀ. ಹಿಂದಿನ ವ್ಯಾನಿನಲ್ಲಿ ಇದೇ ಥರ ಗಾಜಿತ್ತು. ಬಿಸಿಲಿಗೆ ಮೇಣವೆಲ್ಲ ಮೆತ್ತಗಾಗಿ, ಹೋಗೋವಾಗ ನೆಟ್ಟಗಿದ್ದ ಬತ್ತಿಗಳು ಅಂಗಡೀಲಿ ಇಳಿಯೋವಾಗ ಎಲ್ಲಾ ಸೊಂಟ ಬಗ್ಗಿಸಿಕೊಂಡಿದ್ದವು. ಅದಕ್ಕೇ ಅವರನ್ನ ಬಿಟ್ಟೆ. ಬೆಳಿಗ್ಗೆ ನಿಮ್ಮ ವ್ಯಾನಿನಲ್ಲಿ ಬಾಗಿಲು ಮುಚ್ಚಿ ಕೂತು ನೋಡಿದ್ದೇ ಅದನ್ನ. ಒಂದು ಎಳೆ ಬೆಳಕೂ ಬರ್ತಿರಲಿಲ್ಲ. ಎಷ್ಟು ಚೆನ್ನಾಗಿ ಕೂರಿಸಿದ್ದಾರೆ, ಯಾರಪ್ಪಾ ಈ ಕೆಲಸಗಾರ ಅಂತ ತಟ್ಟಿ ಬೇರೆ ನೋಡಿದ್ದೆ!"

ಮೇಷ್ಟ್ರು ಆಕಾಶ ನೋಡಿದರು. ಟೈಲರಕ್ಕ ತನ್ನ ಅಂಗೈ ನೋಡಿಕೊಂಡಳು. ಹೆಂಡತಿ ಮಾತ್ರ ನೆಟ್ಟಗೆ ಗಂಡನನ್ನೇ ನೋಡಿದಳು. ಆ ನೋಟಕ್ಕಿಂತ ಬಾಗಿಲ ಸಂದಿಯೇ ವಾಸಿಯಿತ್ತು.

"ನಾಳೆ ಬೆಳಿಗ್ಗೆ ಮೊದಲಿನ ಹಾಗೆ ಮಾಡ್ಕೊಂಡು ಬಂದ್ರೆ ಕೆಲಸ ನಿಮ್ಮದು. ಇಲ್ಲಾಂದ್ರೆ ನಾನು ಬೇರೆ ನೋಡ್ಕೋಬೇಕಾಗುತ್ತೆ" ಎಂದು ಹೇಳಿ ಒಡತಿ ಸ್ಕೂಟರ್ ತಿರುಗಿಸಿದರು.

ಸ್ಕೂಟರ್ ಮರೆಯಾಗುವುದೇ ತಡ, ನಿಧಾನಪ್ಪ ಕುಂಟುತ್ತಾ ಹೋಗಿ ವ್ಯಾನಿನ ಬಾಗಿಲು ಹಿಡಿದ. ಮುಂದಿನ ಕಿಟಕಿಗಳನ್ನು ಪೂರ್ತಿ ಏರಿಸಿದ. ಬಾಗಿಲನ್ನು ಧಡಾರ್ ಎಂದು ಬಡಿದ. ಗಾಜು ಮಿಸುಕಲಿಲ್ಲ. ಇನ್ನೊಮ್ಮೆ ಬಡಿದ. ಊಹೂಂ.

"ಏನ್ರೀ ಮಾಡ್ತಿದ್ದೀರಾ? ನನ್ನ ಗಾಜು!" ಎಂದು ಗಾಜಿನವನು ಎದೆ ಹಿಡಿದುಕೊಂಡ.

"ಗಾಳಿ ತಳ್ಳಿದ್ರೆ ಬೀಳುತ್ತೆ ಅಂದ್ಯಲ್ಲಪ್ಪಾ! ಬೀಳ್ಲಿ!"

"ಅದು ಬೆಳಿಗ್ಗೆ! ಈಗ ಆನೆ ತಳ್ಳಿದ್ರೂ ಬೀಳಲ್ಲ!"

"ನೀನು ಪಕ್ಕಕ್ಕೆ ಸರಿ. ನಿನಗೆ ಬಾಗಿಲು ಹಾಕೋಕೆ ಬರಲ್ಲ" ಎಂದು ಭಾವ ಅಂಗಿಯ ತೋಳು ಮಡಿಸಿದ. ಅವನು ಹಾಕಿದ ಹೊಡೆತಕ್ಕೆ ಬೀದಿಯ ಕಾಗೆಗಳೆಲ್ಲ ಹಾರಿಹೋದವು. ಗಾಜು ಹಾಗೇ ಇತ್ತು. ದಿನವಿಡೀ ಚಪಲ ಅದುಮಿಟ್ಟುಕೊಂಡಿದ್ದ ಬೀದಿಯವರಿಗೆ ಇಂಥ ಅವಕಾಶ ಮತ್ತೆ ಸಿಗುವುದೇ? ಟೈಲರಕ್ಕ ಎರಡು ಕೈಯಿಂದ ಬಡಿದಳು. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಬಡಿದರು. ಬಾಗಿಲಿನ ಮುಂದೆ ಸಾಲು ನಿಂತಿತು. ಕೊನೆಗೆ ಬಾಗಿಲ ಹಿಡಿಕೆ ಕಿತ್ತು ಭಾವನ ಕೈಗೆ ಬಂತೇ ಹೊರತು ಗಾಜು ಬರಲಿಲ್ಲ. ಗಾಜಿನವನು ಮೊದಲು ಅತ್ತು, ಆಮೇಲೆ ಒಂದೊಂದು ಹೊಡೆತಕ್ಕೂ ಎದೆಯುಬ್ಬಿಸಿ, ಕೊನೆಗೆ ನೆರೆದವರಿಗೆಲ್ಲ ತನ್ನ ಅಂಗಡಿಯ ವಿಳಾಸ ಹೇಳತೊಡಗಿದ.

"ಎಲ್ಲಾ ಮುಗೀತಾ?" ಎಂದಳು ಹೆಂಡತಿ. "ಗಾಜು ಯಾಕೆ ಬೀಳ್ಬೇಕು ಅಂತ? ಅದರ ಪಾಡಿಗೆ ಅದು ಇರಲಿ. ಒಳಗಡೆಯಿಂದ ಗಾಜಿಗೆ ಒತ್ತಿ ಹಲಗೆ ನಿಲ್ಲಿಸಿದ್ರೆ ಬೆಳಕು ನಿಲ್ಲಲ್ವಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವ ಹಿಡಿಕೆಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿದ.

ಟೈಲರಕ್ಕ ಸೀಮೆಸುಣ್ಣದ ಗೆರೆ ಒರೆಸಿ ತನ್ನ ಹಲಗೆ ತಂದುಕೊಟ್ಟಳು. ಮೇಷ್ಟ್ರು ಮಾತ್ರ ನಿಂತಲ್ಲೇ ನಿಂತಿದ್ದರು.

"ನಿಮ್ಮದು ಮೇಷ್ಟ್ರೇ?"

"ಕೊಡ್ತೀನಪ್ಪಾ, ಆದ್ರೆ..." ಎನ್ನುತ್ತಾ ಅವರು ಒಳಗೆ ಹೋಗಿ ಹಲಗೆಯನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಅದರ ಮೇಲೆ ಕೆಂಪು ಬಣ್ಣದಲ್ಲಿ, ಶಾಲೆಯ ಗೋಡೆಯ ಮೇಲೆ ಬರೆದಂತೆ ದುಂಡಗೆ, ಓದದೆ ಇರಲು ಸಾಧ್ಯವೇ ಇಲ್ಲದಷ್ಟು ದಪ್ಪಗೆ ಬರೆದಿತ್ತು: ಇಲ್ಲಿ ವಾಹನ ನಿಲ್ಲಿಸಬಾರದು.

"ನಮ್ಮ ಗೇಟಿಗೆ ಅಂತ ಬರೆದೆ" ಎಂದರು ಮೇಷ್ಟ್ರು, ಅವನ ಮುಖ ನೋಡದೆ.

"ಇರ್ಲಿ, ತಿರುಗಿಸಿ ಹಾಕಿದ್ರಾಯ್ತು" ಎಂದು ಹೆಂಡತಿ ಹಲಗೆ ತಿರುಗಿಸಿದಳು. ಹಿಂದೆಯೂ ಅದೇ ಬರಹ.

"ರಸ್ತೆಯ ಎರಡೂ ಕಡೆಯಿಂದ ಬರೋರಿಗೆ ಕಾಣಲಿ ಅಂತ..." ಮೇಷ್ಟ್ರ ದನಿ ಸಣ್ಣದಾಯಿತು. "ಬಿಳಿ ಬಣ್ಣ ಎಲ್ಲಾ ಹಿಂದುಗಡೆ ಬಳಿಯೋಕೆ ಖರ್ಚಾಯ್ತು."

ಮರುದಿನ ಬೆಳಿಗ್ಗೆ ನಿಧಾನಪ್ಪನ ವ್ಯಾನ್ ಕಾರ್ಖಾನೆಗೆ ಹೊರಟಿತು. ಎರಡೂ ಗಾಜಿಗೆ ಒಳಗಿನಿಂದ ಹಲಗೆ ಕೂತು ಸಾಮಾನಿಡುವ ಕಡೆ ಕಗ್ಗತ್ತಲು, ಬಾಗಿಲಿಗೆ ಹಿಡಿಕೆಯ ಬದಲು ಟೈಲರಕ್ಕ ಹೊಲಿದುಕೊಟ್ಟ ಬಟ್ಟೆಯ ಪಟ್ಟಿ. ಪಕ್ಕದಲ್ಲಿ ಹೆಂಡತಿಯೂ ಕೂತಿದ್ದಳು. ಆ ಹಲಗೆ ಕೂರಿಸಿದ ಕೆಲಸಗಾರ ಯಾರೆಂದು ತಾನೇ ಹೋಗಿ ಹೇಳುತ್ತೇನೆ ಎಂದು ಅವಳ ಹಟ. ಮುಂದಿನ ವಾರ ಗಾಜಿನವನ ಅತ್ತೆಯ ಸಾಮಾನು ಬೇರೆ ಕಾದಿತ್ತು. ಆದರೂ ನಿಧಾನಪ್ಪ ಕುಂಟು ಕಾಲಲ್ಲಿ ಕ್ಲಚ್ ಒತ್ತುತ್ತಾ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಕೆಲಸ ಅವನದು, ವ್ಯಾನ್ ಇನ್ನೂ ಅವನದೇ.

ಕಾರ್ಖಾನೆಯ ಅಂಗಳದಲ್ಲಿ ನೆರಳು ನೋಡಿ ನಿಲ್ಲಿಸಿ, ಅಭ್ಯಾಸಬಲದಿಂದ ಬಾಗಿಲನ್ನು ಮೆಲ್ಲಗೆ ಹಾಕಿದ. ಕಾವಲುಗಾರ ಓಡೋಡಿ ಬಂದ. ಹೊಸದಾಗಿ ಕೂರಿಸಿದ ಗಾಜಿನ ಹಿಂದೆ, ಕಟ್ಟು ಹಾಕಿಸಿದ ಫೋಟೋದಂತೆ, ಒಂದು ಚೂರೂ ಧೂಳು ತಾಗದೆ ಕೆಂಪು ಅಕ್ಷರಗಳು ಹೊಳೆಯುತ್ತಿದ್ದವು. ಕಾವಲುಗಾರ ಅದನ್ನು ನಿಧಾನವಾಗಿ ಓದಿ, ನಿಧಾನಪ್ಪನ ಕಡೆ ತಿರುಗಿ, "ಓದೋಕೆ ಬರಲ್ವೇನ್ರೀ? ನೋಡಿ, ಬೋರ್ಡೇ ಇದೆ. ಗಾಡಿ ಮುಂದಕ್ಕೆ ತೆಗೀರಿ" ಎಂದ.

ನಿಧಾನಪ್ಪ ವ್ಯಾನನ್ನು ಸ್ವಲ್ಪ ಮುಂದಕ್ಕೆ ಒಯ್ದು ನಿಲ್ಲಿಸಿದ. ಬೋರ್ಡೂ ಜೊತೆಗೇ ಬಂತು.